ಕೆಂಪಿ ಹಿಂದಕ್ಕೆ

ಆನವಟ್ಟಿ
4 ಡಿಸೆಂಬರ್ 2023

ವರದಮ್ಮನವರಿಗೆ,

ನಮಸ್ಕಾರ. ನಾನು ಶಾಂತವೀರಪ್ಪ, ಪಾಲಿಟೆಕ್ನಿಕ್ಕಿನ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿದ್ದವನು. ಒಂದೇ ಲ್ಯಾಬಿನಲ್ಲಿ ಹದಿನಾಲ್ಕು ವರ್ಷ ನಾನು ಲೆಕ್ಚರರ್, ನೀವು ಇನ್‌ಸ್ಟ್ರಕ್ಟರ್ ಆಗಿ ಕೆಲಸ ಮಾಡಿದ ಮೇಲೂ ಹೀಗೆ ಪರಿಚಯ ಹೇಳಿಕೊಳ್ಳಬೇಕಾಗಿ ಬಂದದ್ದಕ್ಕೆ ಸಂಕೋಚವಾಗುತ್ತಿದೆ. ನೀವು ಕೆಲಸ ಬಿಟ್ಟು ಎಂಟು ವರ್ಷವಾಯಿತು. ನಿಮ್ಮ ನಂಬರಿಗೆ ನಾಲ್ಕು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ತಾಳಗುಂದದಲ್ಲಿ ನಿಮ್ಮ ತಮ್ಮ ರಂಗಪ್ಪನವರ ಮನೆಯಲ್ಲಿದ್ದೀರಿ ಎಂದು ತಿಳಿದು ಈ ಕಾಗದ.

ನಾನು ನಿವೃತ್ತನಾಗಿ ಎರಡು ವರ್ಷ. ಪೇಟೆಯಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಮನೆಯಲ್ಲಿದ್ದೇನೆ. ಒಂದು ಕಣ್ಣಿನ ಪೊರೆ ತೆಗೆಸಿದ್ದಾಯಿತು, ಇನ್ನೊಂದಕ್ಕೆ ಉತ್ಸಾಹವಿಲ್ಲ.

ವಿಷಯಕ್ಕೆ ಬರುತ್ತೇನೆ. ನಾವು ಲ್ಯಾಬಿನಲ್ಲಿ ಕಟ್ಟಿದ್ದ ಪ್ರೊಸೆಸರ್ ನೆನಪಿರಬೇಕು. ಅದಕ್ಕೆ ನಾನು 2019ರಲ್ಲಿ ಪೇಟೆಂಟ್ ಅರ್ಜಿ ಹಾಕಿದೆ. ಅರ್ಜಿಯಲ್ಲಿ ಬರೆದದ್ದು ಇಷ್ಟು: ದಾರಿ ಕವಲೊಡೆಯುವಲ್ಲಿ ಪ್ರೊಸೆಸರ್ ಉತ್ತರಕ್ಕೆ ಕಾಯದೆ ಒಂದು ದಾರಿಯನ್ನು ಊಹಿಸಿಕೊಂಡು ಮುಂದಕ್ಕೆ ಓಡುತ್ತದೆ. ಊಹೆ ಸರಿಯಾದರೆ ಹೊತ್ತು ಉಳಿಯಿತು. ತಪ್ಪಾದರೆ ಅಲ್ಲಿಯತನಕ ಮಾಡಿದ್ದನ್ನು ಅಳಿಸಿ ಕವಲಿಗೆ ಹಿಂತಿರುಗುತ್ತದೆ. ಹೀಗೆ ಊಹೆಯ ಮೇಲೆ ಓಡುತ್ತಿರುವಾಗ ಹೊರಗಿನಿಂದ ಇಂಟರಪ್ಟ್ ಬಂದರೆ, ಅಂದರೆ ಯಾರೋ ಗುಂಡಿ ಒತ್ತಿದರೆ ಅಥವಾ ಮೋಟಾರು ಬಿಸಿಯಾಯಿತೆಂದು ಸೂಚನೆ ಬಂದರೆ, ಕೆಲಸ ನಿಲ್ಲಿಸದೆ ಅದನ್ನೂ ಸಂಭಾಳಿಸುತ್ತದೆ.

ಈಗ ಪೇಟೆಂಟ್ ಕಚೇರಿಯ ಪರಿಶೀಲಕರು ಒಂದು ಆಕ್ಷೇಪ ಎತ್ತಿದ್ದಾರೆ. ಊಹೆ ತಪ್ಪಿ ಎಲ್ಲವನ್ನೂ ಅಳಿಸಿದಾಗ ನಡುವೆ ಬಂದ ಇಂಟರಪ್ಟೂ ಅಳಿಸಿಹೋಗುವುದಿಲ್ಲವೇ, ಹೋಗದಿದ್ದರೆ ಹೇಗೆ ಉಳಿಯುತ್ತದೆ, ವಿವರಣೆಯಲ್ಲಿ ಇದಕ್ಕೆ ಉತ್ತರವೇ ಇಲ್ಲ ಎಂದು. ಪೇಟೆಂಟಿನ ಕಾನೂನು ಹೀಗಿದೆ: ಇಪ್ಪತ್ತು ವರ್ಷದ ಹಕ್ಕು ಬೇಕೆಂದರೆ ಗುಟ್ಟನ್ನೆಲ್ಲ ಬರೆದುಕೊಡಬೇಕು. ಆ ವಿದ್ಯೆ ಬಲ್ಲ ಇನ್ನೊಬ್ಬರು ಅದನ್ನು ಓದಿ ಮಾಡಿಕೊಳ್ಳುವಂತಿರಬೇಕು. ಅರ್ಧ ಹೇಳಿ ಅರ್ಧ ಮುಚ್ಚಿಟ್ಟುಕೊಂಡವನಿಗೆ ಹಕ್ಕಿಲ್ಲ.

ಆ ಭಾಗ ನೀವು ಮಾಡಿದ್ದು. ನಿಮ್ಮ ನೀಲಿ ರಟ್ಟಿನ ನೋಟ್‌ಬುಕ್ ನನ್ನ ಹತ್ತಿರವೇ ಇದೆ. ಆದರೆ ಚಿತ್ರಗಳಲ್ಲಿ ಚೌಕಗಳ ಮೇಲೆ ‘ಟಗರು’, ‘ಮರಿ’, ‘ಕೆಂಪಿ’ ಎಂದೆಲ್ಲ ಬರೆದಿದ್ದೀರಿ. ಒಂದು ಬಾಣದ ಮೇಲೆ ‘ಕೆಂಪಿ ಹಿಂದಕ್ಕೆ’ ಎಂದಿದೆ. ಆಗಲೂ ನನಗೆ ಅರ್ಥವಾಗಿರಲಿಲ್ಲ, ಆದ್ದರಿಂದಲೇ ಅರ್ಜಿಯಲ್ಲಿ ಬಿಟ್ಟೆ. ಕೆಂಪಿ ಎಂದರೆ ಏನು? ದಯವಿಟ್ಟು ತಿಳಿಸಿ. ಮೇ ತಿಂಗಳ ಒಳಗೆ ನಾನು ಉತ್ತರ ಕೊಡಬೇಕು.

ನಿಮ್ಮ ಉತ್ತರ ಕಾಯುತ್ತಿರುವ,
ಶಾಂತವೀರಪ್ಪ


ತಾಳಗುಂದ
29 ಡಿಸೆಂಬರ್ 2023

ಮೇಷ್ಟ್ರಿಗೆ ನಮಸ್ಕಾರ.

ಕಾಗದ ಬಂದು ಮೂರು ವಾರವಾಯಿತು. ಮೆಕ್ಕೆಜೋಳದ ರಾಶಿ ಮುಗಿಯಲಿ ಎಂದು ಬಿಟ್ಟಿದ್ದೆ. ರಾಶಿ ಮುಗಿದ ಮೇಲೆ ಊರಿನ ಬೋರ್‌ವೆಲ್ ಸ್ಟಾರ್ಟರುಗಳು ಒಂದಾದ ಮೇಲೊಂದು ಕೆಟ್ಟವು. ಇಲ್ಲಿ ನನ್ನ ಕೆಲಸ ಅದೇ. ಮೊಣಕಾಲು ನೋವು, ಬಾವಿಕಟ್ಟೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ತಂತಿ ಜೋಡಿಸಿ ಎದ್ದರೆ ನೆಲ ತಿರುಗುತ್ತದೆ.

ಲ್ಯಾಬಿನಲ್ಲಿ ಹದಿನಾಲ್ಕು ವರ್ಷವೂ ‘ನೀನು’ ಎನ್ನುತ್ತಿದ್ದಿರಿ. ಕಾಗದದಲ್ಲಿ ‘ನೀವು’ ಎಂದು ಓದಿ ಬೇರೆ ಯಾರಿಗೋ ಬರೆದದ್ದು ನನ್ನ ಕೈಸೇರಿತೇನೋ ಎಂದುಕೊಂಡೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗಿಲ್ಲ ಎಂದುಕೊಂಡಿದ್ದಿರಿ. ಹೊಳೆ ಇನ್ನೂ ಮುಗಿದಿರಲಿಲ್ಲ, ಅಲ್ಲವೇ ಮೇಷ್ಟ್ರೇ?

ಅರ್ಜಿ ಹಾಕಿದ ಸುದ್ದಿಯೇ ನನಗೆ ಗೊತ್ತಿರಲಿಲ್ಲ. ಎಲ್ಲಿ ಅಳಬೇಕೋ ಎಲ್ಲಿ ನಗಬೇಕೋ ತಿಳಿಯದೆ ಎರಡು ಸಲ ಓದಿದೆ. ಆ ಅರ್ಜಿಯಲ್ಲಿ ‘ಇದನ್ನು ಕಂಡುಹಿಡಿದವರು’ ಎಂಬ ಕಲಮು ಇರುತ್ತದಂತಲ್ಲ, ಅಲ್ಲಿ ಯಾರ ಹೆಸರಿದೆ?

ಕೇಳಬೇಕಾದ್ದೇ ಇಲ್ಲ. 2015ರ ವಸ್ತುಪ್ರದರ್ಶನದ ದಿನ ಆ ಪ್ರೊಸೆಸರಿನ ಬೋರ್ಡು ಮೇಜಿನ ಮೇಲಿತ್ತು. ಹೊರಗಿನಿಂದ ಬಂದ ಅತಿಥಿಗಳು ಇದನ್ನು ಮಾಡಿದ್ದು ಯಾರು ಎಂದು ಕೇಳಿದರು. ನೀವು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. “ನಂದೇ ಡಿಸೈನ್ ಸರ್. ವೈರಿಂಗ್ ಕೆಲ್ಸಕ್ಕೆ ಇವ್ರೆಲ್ಲ ಇದಾರೆ” ಅಂದಿರಿ. ‘ಇವ್ರೆಲ್ಲ’ ಅಂದರೆ ನಾನೊಬ್ಬಳೇ ನಿಂತಿದ್ದೆ. ನನಗೆ ಆಗ ನಲವತ್ತಮೂರು ವರ್ಷ. ನಾಲ್ಕು ತಿಂಗಳ ಸಂಜೆಗಳು ಆ ಒಂದು ಭಾಗಕ್ಕೆ ಹೋಗಿದ್ದವು.

ಫೋನ್ ಮಾಡಬೇಡಿ. ನನ್ನ ಜೊತೆ ಮಾತಾಡಿದ್ದನ್ನು ನೀವು ಒಮ್ಮೆ ಮರೆತಿದ್ದೀರಿ. ಏನಿದ್ದರೂ ಬರೆಯಿರಿ, ಬರೆದದ್ದು ಉಳಿಯುತ್ತದೆ.

ವರದಮ್ಮ


ಆನವಟ್ಟಿ
9 ಜನವರಿ 2024

ವರದಮ್ಮನವರಿಗೆ,

ಆ ಕಲಮಿನಲ್ಲಿ ನನ್ನ ಹೆಸರೊಂದೇ ಇದೆ.

ನಿಮ್ಮ ಕಾಗದ ಓದಿದ ಮೇಲೆ ಈ ಮೂರು ದಿನದಲ್ಲಿ ನಾಲ್ಕು ಪುಟ ಬರೆದು ಹರಿದುಹಾಕಿದೆ. ಅವೆಲ್ಲ ಸಮಜಾಯಿಷಿ. ನಾನು ವಿಭಾಗದ ಮುಖ್ಯಸ್ಥನಾಗಿದ್ದೆ, ಊಹೆಯ ಭಾಗವೆಲ್ಲ ನನ್ನದೇ, ಲ್ಯಾಬಿನ ಕೆಲಸ ವಿಭಾಗದ ಹೆಸರಿನಲ್ಲೇ ಹೋಗುವುದು ರೂಢಿ, ಹೀಗೆ. ಓದಿಕೊಂಡರೆ ನನಗೇ ಬೇಸರ ಬಂತು. ಪ್ರದರ್ಶನದ ದಿನದ ಮಾತನ್ನು ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಅಂದು ಹೇಳಿದ ಮೇಲೆ ನಿಮ್ಮ ಕಡೆ ತಿರುಗಿ ನೋಡಿದ್ದೆ. ನೀವು ಬೋರ್ಡಿನ ಸ್ವಿಚ್ ಆರಿಸಿ ಬಟ್ಟೆ ಮುಚ್ಚುತ್ತಿದ್ದಿರಿ. ಕೋಪ ಬಂದಿದ್ದರೆ ಹೇಳುತ್ತಾಳೆ, ಹೇಳಲಿಲ್ಲವಾದ್ದರಿಂದ ಬಂದಿಲ್ಲ ಎಂದು ನನಗೆ ಬೇಕಾದಂತೆ ತಿಳಿದುಕೊಂಡೆ.

ನಾನು ಮೂವತ್ತೊಂದು ವರ್ಷ ಪಾಠ ಮಾಡಿದೆ. ನಿವೃತ್ತಿಯ ದಿನ ಶಾಲು, ಹಣ್ಣಿನ ಬುಟ್ಟಿ ಕೊಟ್ಟರು. ಮಾರನೆಯ ದಿನ ಎದ್ದಾಗ ನನ್ನದು ಎಂದು ಹೇಳಿಕೊಳ್ಳಲು ಆ ಅರ್ಜಿಯೊಂದೇ ಇತ್ತು. ಅದೂ ಹೋದರೆ ಹೋಗಲಿ ಎನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಬೋರ್ಡು ಈಗಲೂ ನನ್ನ ಮನೆಯ ಮೇಜಿನ ಮೇಲಿದೆ. ನಿಮ್ಮ ಭಾಗವನ್ನು ತೆಗೆದು ಓಡಿಸಿ ನೋಡಿದೆ. ನೂರು ಸಲ ಗುಂಡಿ ಒತ್ತಿದರೆ ಆರೇಳು ಸಲ ಅದು ಕೇಳಿಸಿಕೊಳ್ಳುವುದೇ ಇಲ್ಲ. ನಿಮ್ಮ ಭಾಗ ಸೇರಿಸಿದರೆ ಒಂದೂ ತಪ್ಪುವುದಿಲ್ಲ. ಹೇಗೆ ಎಂದು ತಿಳಿಯದೆ ಕೂತಿದ್ದೇನೆ. ಹೇಳುತ್ತೀರಾ?

ಶಾಂತವೀರಪ್ಪ


ತಾಳಗುಂದ
18 ಫೆಬ್ರವರಿ 2024

ಮೇಷ್ಟ್ರೇ,

ಹೇಳಬಾರದೆಂದೇ ಇದ್ದೆ. ಆದರೆ ನೂರರಲ್ಲಿ ಆರೇಳು ಸಲ ಎಂದು ಬರೆದಿರಲ್ಲ, ಅದು ನನ್ನನ್ನು ಕೆಣಕಿತು. ಸರಿಯಾಗಿ ನಡೆಯುವ ವಸ್ತು ಕೆಟ್ಟು ಕೂತಿದೆ ಎಂದರೆ ನನಗೆ ತಡೆಯಲಾಗುವುದಿಲ್ಲ. ಊರವರು ಇದನ್ನು ತಿಳಿದೇ ಸ್ಟಾರ್ಟರು ಹೊತ್ತು ತರುತ್ತಾರೆ.

ಕೆಂಪಿ ನಮ್ಮ ಕುರಿ. ಅಪ್ಪ ಉಜ್ಜಪ್ಪ ನೂರಿಪ್ಪತ್ತು ಕುರಿ ಕಾಯುತ್ತಿದ್ದರು. ಕೊಯ್ಲಾದ ಮೇಲೆ ಗೊಬ್ಬರಕ್ಕಾಗಿ ಹೊಲದವರು ಕುರಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಇವತ್ತು ಯಾರ ಹೊಲ ಎನ್ನುವುದಕ್ಕೆ ಹೊಲದವರಿಂದ ಹೇಳಿಕೆ ಬರಬೇಕು. ಹೇಳಿಕೆ ಬರುವತನಕ ಕೆರೆ ಏರಿಯ ಕವಲಿನಲ್ಲಿ ಅಷ್ಟು ಕುರಿ ನಿಲ್ಲಿಸಿಕೊಂಡು ಕಾಯಲಾಗುವುದಿಲ್ಲ, ಅವು ಪಕ್ಕದ ಪೈರಿಗೆ ಬಾಯಿ ಹಾಕುತ್ತವೆ. ಅಪ್ಪ ಒಂದು ಅಂದಾಜಿನ ಮೇಲೆ ಮಂದೆಯನ್ನು ಒಂದು ದಾರಿಗೆ ಬಿಟ್ಟುಬಿಡುತ್ತಿದ್ದರು. ಅಂದಾಜು ತಪ್ಪಾದರೆ ಎಲ್ಲವನ್ನೂ ಹಿಂದಕ್ಕೆ ಹೊಡೆದುಕೊಂಡು ಬರುವುದು.

ಅಪ್ಪನಿಗೆ ಮರೆವು. ನಡೆಯುವಾಗ ಯಾರಾದರೂ ಏನಾದರೂ ಸುದ್ದಿ ಹೇಳಿದರೆ ಮಂದೆಯ ನಡುವೆ ಇರುತ್ತಿದ್ದ ಕೆಂಪಿಯ ಕೊರಳಿಗೆ ಒಂದು ಬಟ್ಟೆ ಚೂರು ಕಟ್ಟುತ್ತಿದ್ದರು. ಹೊಲ ಮುಟ್ಟಿ ಕುರಿಗಳನ್ನು ಒಂದೊಂದಾಗಿ ಒಳಗೆ ಬಿಡುವಾಗ ಕೆಂಪಿ ಬರುತ್ತಿತ್ತು, ಬಟ್ಟೆ ಕಾಣುತ್ತಿತ್ತು, ಸುದ್ದಿ ನೆನಪಾಗುತ್ತಿತ್ತು. ಅದಕ್ಕಿಂತ ಮುಂದಿನವು ಆಗಲೇ ಒಳಗೆ, ಹಿಂದಿನವು ಇನ್ನೂ ಹೊರಗೆ. ಲೆಕ್ಕವೂ ತಪ್ಪುತ್ತಿರಲಿಲ್ಲ.

ಒಂದು ಸಂಜೆ ದಾರಿ ತಪ್ಪಾಯಿತು. ಮಂದೆ ತಿರುಗಿಸುವ ಗಡಿಬಿಡಿಯಲ್ಲಿ ಕೆಂಪಿ ಯಾರದೋ ಹೊಲದಲ್ಲೇ ಉಳಿಯಿತು. ಪಶು ಆಸ್ಪತ್ರೆಯವರು ರೋಗ ಬಂದ ಎರಡು ಕುರಿ ಬೇರೆ ಕಟ್ಟಲು ಹೇಳಿಕಳಿಸಿದ್ದರು. ಆ ಸುದ್ದಿಯ ಬಟ್ಟೆ ಕೆಂಪಿಯ ಕೊರಳಲ್ಲೇ ಇತ್ತು. ವಾರದೊಳಗೆ ಹನ್ನೊಂದು ಕುರಿ ಸತ್ತವು. ಆಮೇಲೆ ಅಪ್ಪ ನನಗೆ ಒಂದು ನೇಮ ಹೇಳಿದರು. “ದಾರಿ ತಪ್ಪಿದ್ರೆ ಮಿಕ್ಕಿದ್ವು ಹೆಂಗಾರ ಬರ್ಲಿ ಮಗ. ನೀ ಮೊದ್ಲು ಕೆಂಪಿನ ಹಿಡ್ಕಂಡು ಕವ್ಲಿಗೆ ತಂದು ನಿಲ್ಸು.”

ಬೋರ್ಡಿನಲ್ಲಿ ನಾನು ಮಾಡಿದ್ದು ಅದನ್ನೇ. ಇಂಟರಪ್ಟ್ ಬಂದ ಕೂಡಲೇ ಅದನ್ನು ಕೆಲಸಗಳ ಸಾಲಿನ ನಡುವೆ ಒಂದು ಗುರುತಾಗಿ ಸೇರಿಸುತ್ತೇವೆ. ಗುರುತು ಸಾಲಿನ ತುದಿಗೆ ಬಂದಾಗ ಅದಕ್ಕಿಂತ ಹಳೆಯದೆಲ್ಲ ಮುಗಿದಿರುತ್ತದೆ, ಆಗ ಕರೆಗೆ ಓಗೊಡುತ್ತದೆ. ಊಹೆ ತಪ್ಪಿದರೆ, ಸಾಲನ್ನು ಅಳಿಸುವ ಮೊದಲು ಗುರುತನ್ನು ಮಾತ್ರ ಎತ್ತಿ, ತಪ್ಪಿದ ಕವಲು ಯಾವುದೋ ಅಲ್ಲಿಗೇ ತಂದು ನಿಲ್ಲಿಸಬೇಕು. ಕವಲಿನೊಳಗೆ ಕವಲು ಎಷ್ಟಿದ್ದರೂ ಅಷ್ಟೇ. ನನ್ನ ಭಾಗ ತೆಗೆದಾಗ ಕುರಿಗಳ ಜೊತೆ ಕೆಂಪಿಯೂ ಅಳಿಸಿಹೋಗುತ್ತಿದೆ, ಅದಕ್ಕೇ ನೂರಕ್ಕೆ ಆರೇಳು.

ಚೌಕಗಳಿಗೆ ಇಡಲು ನನ್ನ ಹತ್ತಿರ ಇಂಗ್ಲಿಷ್ ಹೆಸರುಗಳಿರಲಿಲ್ಲ. ನೀವು ಕೇಳಿದ್ದರೆ ಅಂದೇ ಹೇಳುತ್ತಿದ್ದೆ.

ವರದಮ್ಮ


ಆನವಟ್ಟಿ
6 ಮಾರ್ಚ್ 2024

ವರದಮ್ಮನವರಿಗೆ,

ನಿಮ್ಮ ಕಾಗದ ಓದಿ ಬೋರ್ಡಿನ ಮುಂದೆ ಕೂತು ಒಂದೊಂದೇ ಚೌಕ ನೋಡಿದೆ. ಈಗ ಅರ್ಥವಾಯಿತು. ಇದು ನನಗೆ ಹೊಳೆಯುತ್ತಿರಲಿಲ್ಲ, ಇನ್ನೂ ಹತ್ತು ವರ್ಷ ಕೂತಿದ್ದರೂ ಹೊಳೆಯುತ್ತಿರಲಿಲ್ಲ.

ಇನ್ನು ಮುಂದೆ ಬರೆಯುವುದು ಕಷ್ಟದ್ದು. ನಮ್ಮ ಹಳೆಯ ವಿದ್ಯಾರ್ಥಿ ಅರುಣ ಈಗ ಶಿವಮೊಗ್ಗದಲ್ಲಿ ಪೇಟೆಂಟ್ ಅರ್ಜಿಗಳನ್ನು ಬರೆಯುವ ಕೆಲಸ ಮಾಡುತ್ತಾನೆ. ಅವನನ್ನು ಕೇಳಿದೆ. ಅರ್ಜಿ ಹಾಕಿದ ಮೇಲೆ ಹೊಸ ಸಂಗತಿ ಸೇರಿಸುವಂತಿಲ್ಲ ಎಂದ. ಮೊದಲ ದಿನ ಹೇಳದೆ ಬಿಟ್ಟದ್ದನ್ನು ಐದು ವರ್ಷದ ನಂತರ ತಂದು ಹಳೆಯ ತಾರೀಖಿಗೆ ಅಂಟಿಸಲು ಕಾನೂನು ಬಿಡುವುದಿಲ್ಲ. ಈ ನಿಯಮ ನಾನು ಮೊದಲೇ ಓದಿದ್ದೆ. ಹೇಗೋ ದಾರಿ ಸಿಕ್ಕೀತೆಂದು ನಿಮ್ಮನ್ನು ಕೇಳಿದೆ. ಅಂದರೆ ನಿಮ್ಮಿಂದ ಗುಟ್ಟು ಬಿಡಿಸಿಕೊಂಡದ್ದು ಉಪಯೋಗಕ್ಕೆ ಬಾರದ ಕೆಲಸವಾಯಿತು. ಇದಕ್ಕೂ ನಿಮ್ಮಲ್ಲಿ ಕ್ಷಮೆ ಕೇಳಬೇಕು.

ಇನ್ನೊಂದು ಸುಳ್ಳನ್ನೂ ಇಲ್ಲೇ ತಿದ್ದುತ್ತೇನೆ. ಅರ್ಥವಾಗದ್ದರಿಂದ ಬಿಟ್ಟೆ ಎಂದು ಮೊದಲ ಕಾಗದದಲ್ಲಿ ಬರೆದಿದ್ದೆ. ಅರ್ಥವಾಗಿರಲಿಲ್ಲ, ನಿಜ. ಆದರೆ 2019ರಲ್ಲೂ ನಿಮ್ಮ ನಂಬರ್ ನನ್ನಲ್ಲಿತ್ತು. ಕೇಳಿದ್ದರೆ ಆ ಪುಟ ಬರೆಯಬೇಕಾಗುತ್ತಿತ್ತು, ಬರೆದರೆ ನಿಮ್ಮ ಹೆಸರು ಹಾಕಬೇಕಾಗುತ್ತಿತ್ತು. ಹೆಸರು ಹಾಕಬಾರದೆಂದು ಪುಟವನ್ನೇ ಬಿಟ್ಟೆ. ಇದು ಸತ್ಯ.

ಈಗ ಉಳಿದಿರುವುದು ಒಂದೇ ದಾರಿ ಎಂದು ಅರುಣ ಹೇಳಿದ. ಬಿಟ್ಟುಹೋದ ಸಂಗತಿ ಈ ವಿದ್ಯೆ ಬಲ್ಲ ಎಲ್ಲರಿಗೂ ಗೊತ್ತಿರುವಂಥದ್ದು, ಹೇಳುವ ಅಗತ್ಯವೇ ಇರಲಿಲ್ಲ ಎಂದು ವಾದಿಸಬೇಕು. ಅಧಿಕಾರಿ ಒಪ್ಪಿದರೆ ಪೇಟೆಂಟ್ ಸಿಗಬಹುದು.

ಅವನು ಹೇಳಿದ ಇನ್ನೊಂದು ಮಾತನ್ನು ನಿಮಗೆ ತಿಳಿಸದೆ ಇರಬಹುದಿತ್ತು. ನಾನು ಬರೆಯದೆ ಬಿಟ್ಟದ್ದರಿಂದ ನಿಮ್ಮ ಭಾಗ ಇದುವರೆಗೆ ನಮ್ಮ ಕಡೆಯಿಂದ ಎಲ್ಲೂ ಹೊರಬಿದ್ದಿಲ್ಲ. ಪ್ರದರ್ಶನದಲ್ಲೂ ಬೋರ್ಡು ಓಡಿದ್ದನ್ನು ನೋಡಿದರೇ ಹೊರತು ಒಳಗಿನದನ್ನು ಯಾರೂ ನೋಡಿಲ್ಲ. ಬೇಕಾದರೆ ನೀವೇ ಅದಕ್ಕೆ ಅರ್ಜಿ ಹಾಕಬಹುದು, ನಿಮ್ಮ ಒಬ್ಬರ ಹೆಸರಿನಲ್ಲಿ. ಆದರೆ ಇದು ಎಲ್ಲರಿಗೂ ಗೊತ್ತಿದ್ದದ್ದೇ ಎಂದು ನಾನು ಕಚೇರಿಗೆ ಬರೆದುಕೊಟ್ಟರೆ, ನಾಳೆ ಆ ನನ್ನ ಮಾತನ್ನೇ ತೋರಿಸಿ ನಿಮ್ಮ ಅರ್ಜಿಯನ್ನು ತಳ್ಳಿಹಾಕಬಹುದು.

ಒಟ್ಟಿನಲ್ಲಿ ನನ್ನದು ಉಳಿಯಬೇಕಾದರೆ ನಿಮ್ಮದು ಏನೂ ಅಲ್ಲ ಎಂದು ನಾನು ಹೇಳಬೇಕು. ಏನು ಮಾಡಲಿ?

ಶಾಂತವೀರಪ್ಪ


ತಾಳಗುಂದ
22 ಏಪ್ರಿಲ್ 2024

ಮೇಷ್ಟ್ರೇ,

ಏನು ಮಾಡಲಿ ಎಂದು ನನ್ನನ್ನೇ ಕೇಳುತ್ತೀರಲ್ಲ. ಕಳ್ಳನ ಕೈಗೆ ಕೀಲಿ ಕೊಡುವುದು ಕೇಳಿದ್ದೇನೆ. ಮನೆಯವಳ ಕೈಗೆ ಕೀಲಿ ಕೊಟ್ಟು ಕದಿಯಲೋ ಬೇಡವೋ ಎಂದು ಕೇಳಿದವರನ್ನು ನೋಡಿರಲಿಲ್ಲ.

ನಿಮ್ಮ ಕಾಗದ ಬಂದ ದಿನ ಮನೆಯಲ್ಲಿ ಎಲ್ಲರೆದುರು ಅತ್ತುಬಿಟ್ಟೆ. ಬೇಕೆಂದೇ ಹೆಸರು ಬಿಟ್ಟಿರಿ ಎಂಬುದು ಹೊಸ ಸುದ್ದಿಯೇನಲ್ಲ, ನನಗೆ ಅನುಮಾನವಿತ್ತು. ಆದರೂ ನಿಮ್ಮ ಅಕ್ಷರದಲ್ಲಿ ಓದುವುದು ಬೇರೆ. ರಂಗಪ್ಪ ಆ ಕಾಗದಗಳನ್ನೆಲ್ಲ ಒಲೆಗೆ ಹಾಕು ಎಂದ. “ಅಕ್ಕಾ, ಇವ್ರ್ ಕಾಗ್ದ ಬಂದ್ ದಿನ ನೀನು ಉಣ್ಣಲ್ಲ. ಬಿಟ್ಟಾಕು ಅತ್ಲಾಗೆ” ಎಂದು ಹೇಳಿ ಕುರಿ ಹೊಡೆದುಕೊಂಡು ಹೋದ. ಅವನು ಹೇಳುವುದೂ ಸರಿಯೇ.

ನನಗೆ ಸಾಕಾಗಿದೆ. ಈ ಬೇಸಿಗೆಯಲ್ಲಿ ಬೋರ್‌ವೆಲ್ಲುಗಳಲ್ಲಿ ನೀರು ಇಳಿದು ಮೋಟಾರುಗಳು ಒಣಗಿ ಓಡಿ ಸುಡುತ್ತಿವೆ. ಬೆಳಗಿನಿಂದ ಸಂಜೆತನಕ ಸುಟ್ಟ ವಾಸನೆಯಲ್ಲಿರುತ್ತೇನೆ. ಪೇಟೆಂಟ್ ತೆಗೆದುಕೊಂಡು ನಾನು ಯಾವ ಗೋಡೆಗೆ ತೂಗುಹಾಕಲಿ? ದೊಡ್ಡ ಕಂಪನಿಗಳವರು ಇದೇ ಕೆಲಸವನ್ನು ಬೇರೆ ಹತ್ತು ಬಗೆಯಲ್ಲಿ ಮಾಡಿಕೊಂಡಿರಬಹುದು, ಯಾರು ಕಂಡಿದ್ದಾರೆ. ನೀವು ಹೇಳಬೇಕಾದ್ದನ್ನು ಹೇಳಿಬಿಡಿ. ನಾನು ಎಲ್ಲಿಗೂ ಬಂದು ತಕರಾರು ಮಾಡುವುದಿಲ್ಲ, ಇದನ್ನು ಒಪ್ಪಿಗೆ ಎಂದೇ ಇಟ್ಟುಕೊಳ್ಳಿ.

ಒಂದೇ ಒಂದು ಕೇಳುತ್ತೇನೆ, ಜಗಳಕ್ಕಲ್ಲ. ಈ ವಿದ್ಯೆ ಬಲ್ಲ ಎಲ್ಲರಿಗೂ ಗೊತ್ತಿದ್ದದ್ದಾದರೆ ನಿಮಗೇಕೆ ಗೊತ್ತಿರಲಿಲ್ಲ? ಅಧಿಕಾರಿ ಕೇಳದಿದ್ದರೂ ನೀವು ಕೇಳಿಕೊಳ್ಳಿ.

ಇನ್ನು ಬರೆಯಬೇಡಿ.

ವರದಮ್ಮ


ಆನವಟ್ಟಿ
2 ಸೆಪ್ಟೆಂಬರ್ 2024

ವರದಮ್ಮನವರಿಗೆ,

ಬರೆಯಬೇಡಿ ಎಂದಿದ್ದಿರಿ. ಇದೊಂದು ಸಲ ಮೀರುತ್ತಿದ್ದೇನೆ.

ಮೇ ತಿಂಗಳಲ್ಲಿ ಕಚೇರಿಗೆ ಕಳಿಸಿದ ಉತ್ತರದಲ್ಲಿ ಮುಖ್ಯ ಪ್ರಶ್ನೆಗೆ ವಿಚಾರಣೆಯ ದಿನ ವಿವರ ಕೊಡುತ್ತೇನೆ ಎಂದು ಜಾರಿಕೊಂಡೆ. ವಿಚಾರಣೆ ಜುಲೈ ಕೊನೆಯಲ್ಲಿ ಬಂತು. ಈಗ ಅದೆಲ್ಲ ಕಂಪ್ಯೂಟರಿನ ಮುಂದೆ ಕೂತೇ ಆಗುತ್ತದೆ. ಕೆಳಗೆ ಅಂಗಡಿಯಲ್ಲಿ ಯೂರಿಯಾ ಲೋಡು ಇಳಿಸುವ ಗಲಾಟೆ, ಕಿಟಕಿ ಮುಚ್ಚಿ ಬೆವರುತ್ತ ಕೂತೆ. ಹೇಳಬೇಕಾದ ವಾಕ್ಯವನ್ನು ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಮುಂದೆ ಇಟ್ಟುಕೊಂಡಿದ್ದೆ. ನಿಮ್ಮ ಒಪ್ಪಿಗೆಯ ಕಾಗದವೂ ಪಕ್ಕದಲ್ಲೇ ಇತ್ತು.

ಅಧಿಕಾರಿ ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಬಹಳ ಮರ್ಯಾದೆಯಿಂದ ಮಾತಾಡಿದರು. ಇಂಟರಪ್ಟ್ ಅಳಿಸಿಹೋಗದಂತೆ ಉಳಿಸಿಕೊಳ್ಳುವ ಬಗೆ ವಿವರಣೆಯಲ್ಲಿಲ್ಲ, ಇದು ಈ ಕ್ಷೇತ್ರದವರಿಗೆಲ್ಲ ತಿಳಿದ ವಿಷಯ ಎಂಬುದು ನಿಮ್ಮ ವಾದವೇ ಎಂದು ಕೇಳಿದರು. ಹೌದು ಎಂದರೆ ಮುಗಿಯುತ್ತಿತ್ತು. ಬಾಯಿಯೇ ತೆರೆಯಲಿಲ್ಲ. ಮೂವತ್ತೊಂದು ವರ್ಷ ತರಗತಿಯಲ್ಲಿ ನಿಂತ ಬಾಯಿ. ಲೈನ್ ಹೋಯಿತೇ ಎಂದು ಅವರು ಎರಡು ಸಲ ಕೇಳಿದರು.

ಆಮೇಲೆ ನಾನು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ. “ಇಲ್ಲ ಮೇಡಂ. ನಾನು ಈ ವಿದ್ಯೆಯಲ್ಲಿ ಮೂವತ್ತೊಂದು ವರ್ಷ ಇದ್ದವನು, ನನಗೇ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನನ್ನ ಸಹೋದ್ಯೋಗಿ ವರದಮ್ಮ ಅವರಿಗೆ. ಕಂಡುಹಿಡಿದವನು ನಾನೊಬ್ಬನೇ ಎಂದು ಸಹಿ ಹಾಕಿದ್ದು ಸುಳ್ಳು.”

 ಇದರ ಪರಿಣಾಮ ಏನೆಂದು ತಿಳಿದಿದೆಯೇ ಎಂದು ಕೇಳಿದರು. ತಿಳಿದಿದೆ ಎಂದೆ. ಹಾಗಿದ್ದರೆ ಬರವಣಿಗೆಯಲ್ಲಿ ಕೊಡಿ ಎಂದರು, ಕೊಟ್ಟೆ. ನಿಮ್ಮ ಭಾಗ ಕೆಲಸ ಮಾಡುವ ಬಗೆಯ ಬಗ್ಗೆ ಬಾಯಲ್ಲಾಗಲಿ ಬರವಣಿಗೆಯಲ್ಲಾಗಲಿ ಒಂದು ಅಕ್ಷರವನ್ನೂ ಬಿಟ್ಟುಕೊಟ್ಟಿಲ್ಲ. ಅರುಣ ಎರಡು ಸಲ ಓದಿ ನೋಡಿದ ಮೇಲೆಯೇ ಕಳಿಸಿದ್ದು. ಮೊನ್ನೆ ಆದೇಶ ಬಂತು. ಅರ್ಜಿ ತಿರಸ್ಕೃತ.

ದುಃಖವಾಗಲಿಲ್ಲ ಎಂದರೆ ನೀವು ನಂಬಬೇಡಿ. ಎರಡು ದಿನ ಬೋರ್ಡಿನ ಕಡೆ ಮುಖ ಹಾಕಲಿಲ್ಲ. ಆದರೆ ನೀವು ಕೇಳಿದ ಪ್ರಶ್ನೆಗೆ ನಾನು ಬೇರೆ ಉತ್ತರ ಕೊಡಲು ಆಗುತ್ತಿರಲಿಲ್ಲ.

ಪ್ರದರ್ಶನದ ದಿನ ನಾನು ನಿಮಗೆ ಅನ್ಯಾಯ ಮಾಡಿದೆ. ಅರ್ಜಿ ಹಾಕಿದಾಗ ಅದಕ್ಕಿಂತ ದೊಡ್ಡದನ್ನು ಮಾಡಿದೆ. ಕ್ಷಮಿಸಿ ಎಂದು ಕೇಳುತ್ತಿದ್ದೇನೆ. ಕ್ಷಮಿಸಲೇಬೇಕೆಂದಿಲ್ಲ. ನೋಟ್‌ಬುಕ್ಕನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಬೇರೆ ಕಳಿಸಿದ್ದೇನೆ. ಅರುಣನ ವಿಳಾಸ ಅದರ ಮೊದಲ ಪುಟದಲ್ಲಿದೆ.

ಶಾಂತವೀರಪ್ಪ


ತಾಳಗುಂದ
12 ಫೆಬ್ರವರಿ 2025

ಮೇಷ್ಟ್ರಿಗೆ,

ನೋಟ್‌ಬುಕ್ ಸೇರಿತು. ಸೇರಿ ಐದು ತಿಂಗಳಾಯಿತು ಎಂದು ನೀವು ಎಣಿಸಿಕೊಂಡಿರುತ್ತೀರಿ.

ಮೊದಲ ಎರಡು ತಿಂಗಳು ಅದನ್ನು ಬಿಚ್ಚಲಿಲ್ಲ. ಒಂಬತ್ತು ವರ್ಷ ನಿಮ್ಮ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ. ಅದು ಹೋದ ಮೇಲೆ ಆಯಾಸ ಮಾತ್ರ ಉಳಿಯಿತು. ಸಂಜೆ ಸುಮ್ಮನೆ ಕೂತರೆ ಏನು ಯೋಚಿಸಬೇಕೆಂದೇ ತಿಳಿಯುತ್ತಿರಲಿಲ್ಲ. ರಂಗಪ್ಪ ನನ್ನ ಮೈಗೆ ಹುಷಾರಿಲ್ಲವೆಂದು ಶಿರಾಳಕೊಪ್ಪದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ರಕ್ತ ಕಡಿಮೆ ಎಂದು ಮಾತ್ರೆ ಕೊಟ್ಟರು.

ಆಮೇಲೆ ಒಂದು ದಿನ ಬೇಸರ ಕಳೆಯಲೆಂದು ನೋಟ್‌ಬುಕ್ ಬಿಚ್ಚಿದೆ. ನನ್ನ ಹೆಸರಿನಲ್ಲಿ ಅರ್ಜಿ ಹಾಕಲೆಂದು ಅರುಣನಿಗೆ ಫೋನ್ ಮಾಡಿದೆ. ಅವನಿಗೆ ಸೋಲ್ಡರಿಂಗ್ ಕಲಿಸಿದ್ದು ನಾನು, ಈಗ ಅವನು ನನ್ನ ತಪ್ಪು ಹಿಡಿಯುತ್ತಾನೆ. ಬರೆದದ್ದನ್ನೆಲ್ಲ ಮೂರು ಸಲ ವಾಪಸು ಕಳಿಸಿದ. ಇಲ್ಲಿ ಒಂದು ಮೆಟ್ಟಿಲು ಬಿಟ್ಟಿದ್ದೀರಿ ಅಕ್ಕಾ, ಇಲ್ಲಿ ಓದುವವನು ಎಡವುತ್ತಾನೆ ಎನ್ನುತ್ತಾನೆ. ನನಗೆ ಕೈಯಲ್ಲಿ ಗೊತ್ತಿರುವುದನ್ನು ಮಾತಿನಲ್ಲಿ ಹೇಳುವುದು ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ. ಅಪ್ಪನಾದರೆ ನಾಲ್ಕು ಮಾತಿನಲ್ಲಿ ಮುಗಿಸಿದ್ದರು, ನನಗೆ ಇಪ್ಪತ್ತಾರು ಪುಟ ಹಿಡಿಯಿತು. ಆದರೂ ಏನನ್ನೂ ಮುಚ್ಚಿಟ್ಟುಕೊಂಡಿಲ್ಲ. ಇಂಥದ್ದನ್ನು ಬೇರೆಯವರು ಮೊದಲೇ ಮಾಡಿದ್ದಾರೆಂದು ಕಚೇರಿಯವರು ತೋರಿಸಿದರೆ ತೋರಿಸಲಿ. ನನಗೆ ಗೊತ್ತಿದ್ದಷ್ಟನ್ನು ನಾನು ಹೇಳಿದೆ.

ಕಂಡುಹಿಡಿದವರ ಕಲಮಿನಲ್ಲಿ ನಿಮ್ಮ ಹೆಸರು ಹಾಕಿಲ್ಲ. ಹಾಕೋಣವೆಂದು ಒಂದು ಗಳಿಗೆ ಮನಸ್ಸಾಗಿತ್ತು. ದಾಕ್ಷಿಣ್ಯಕ್ಕೆ ಬಸುರಾದರೆ ಹೆರಲು ಜಾಗವಿಲ್ಲ ಎನ್ನುತ್ತಾರಲ್ಲ, ಸುಮ್ಮನಾದೆ. ಈ ಭಾಗ ನನ್ನೊಬ್ಬಳದೇ. ನೀವೂ ಅದನ್ನು ಬರವಣಿಗೆಯಲ್ಲಿ ಕೊಟ್ಟಿದ್ದೀರಿ.

ಆದರೆ ವಿವರಣೆಯ ಮೊದಲಲ್ಲಿ, ಇದಕ್ಕಿಂತ ಹಿಂದೆ ಯಾರು ಏನು ಮಾಡಿದ್ದರು ಎಂದು ಬರೆಯುವ ಒಂದು ಭಾಗವಿರುತ್ತದೆ. ಅಲ್ಲಿ ನಿಮ್ಮ ಅರ್ಜಿಯ ಸಂಖ್ಯೆ ಹಾಕಿ, ನಿಮ್ಮ ಹೆಸರು ಹಾಕಿ, ಊಹೆಯ ಮೇಲೆ ಓಡುವ ಭಾಗವನ್ನೆಲ್ಲ ನೀವು ಹೇಗೆ ಕಟ್ಟಿದಿರಿ ಎಂದು ಎರಡು ಪುಟ ಬರೆದಿದ್ದೇನೆ. ಅದು ಒಳ್ಳೆಯ ಕೆಲಸ ಮೇಷ್ಟ್ರೇ, ಅದಿಲ್ಲದೆ ನನ್ನದು ನಿಲ್ಲುವುದಿಲ್ಲ. ಒಂದು ಪ್ಯಾರಾ ಸಾಕು, ಸಂಖ್ಯೆ ಹಾಕಿದರೆ ಹೆಸರೂ ಬೇಡ ಎಂದ ಅರುಣ. ನಾನು ಕಡಿಮೆ ಮಾಡಲಿಲ್ಲ. ಮಾಡಿದವರನ್ನು ಬರೆಯದೆ ಬಿಟ್ಟರೆ ಹೇಗಿರುತ್ತದೆ ಎಂದು ಒಂಬತ್ತು ವರ್ಷ ಅನುಭವಿಸಿದವಳು ನಾನು. ಅದನ್ನೇ ಇನ್ನೊಬ್ಬರಿಗೆ ಮಾಡಲು ಕೈ ಬರಲಿಲ್ಲ.

ಈ ತಿಂಗಳ ಕೊನೆಯಲ್ಲಿ ಸಹಿ ಹಾಕಿ ಕಳಿಸುತ್ತೇವೆ. ಕಳಿಸಿದ ಮೇಲೆ ಸೇರಿಸಲು ಬರುವುದಿಲ್ಲ, ನಿಮಗೇ ಗೊತ್ತು. ಅಷ್ಟರೊಳಗೆ ಶಿರಾಳಕೊಪ್ಪದ ಬಸ್ಸು ಹಿಡಿದು ಒಮ್ಮೆ ಬನ್ನಿ. ರಂಗಪ್ಪ ಮುಖ ಸಿಂಡರಿಸಬಹುದು, ಬೇಸರ ಮಾಡಿಕೊಳ್ಳಬೇಡಿ. ಆ ಎರಡು ಪುಟ ಕೂತು ಓದಿ. ನೀವು ಮಾಡಿದ್ದರಲ್ಲಿ ನಾನು ಬಿಟ್ಟದ್ದು ಏನಾದರೂ ಇದ್ದರೆ ಹೇಳಿ, ಸೇರಿಸುತ್ತೇನೆ.

ವರದಮ್ಮ